ಹಾಸು ನಮ್ಮದಿರಲಿ

ಪಂಚಮಿಗೆ ಹೋದ ವರ್ಷದ ದರವೇ ನಿಂತಿತ್ತು ತಾಣದಲ್ಲಿ.
ಬದಲಿಸುವ ಹುಡುಗ ಧಾರವಾಡದಲ್ಲಿ, ಫೋನು ಜೋಳಿಗೆಯಲ್ಲಿ.
ನಲವತ್ತೊಂದು ಖಣ ಹಳೆಯ ದರಕ್ಕೇ ಹೋದವು
ಸಾಂಗ್ಲಿಗೆ, ಸೊಲ್ಲಾಪುರಕ್ಕೆ.
"ಬರದ ಮ್ಯಾಲೆ ದರಾನೂ ಮಾತ," ಅಂದರು ರಾಚಪ್ಪ ಸಾವಕಾರರು.
ಕಿರ್ದಿಯಲ್ಲಿ ನಷ್ಟ ಬರೆದವಳು ನಾನು.

ಅಂಗಡಿ ಬೆಳೆದಿತ್ತು, ತಾಣ ಬೆಳೆದಿರಲಿಲ್ಲ.
ನಾಲ್ಕು ನಮೂನೆಯ ದಿನ ಹೊಲಿಸಿದ ಅಂಗಿ,
ಇನ್ನೂರ ಹನ್ನೆರಡಕ್ಕೆ ಗುಂಡಿ ಹತ್ತೀತು ಹೇಗೆ?

ಮೂರು ಮಂದಿ ಬಂದರು ಗುಳೇದಗುಡ್ಡಕ್ಕೆ, ಒಂದೇ ವಾರ.
ಹುಬ್ಬಳ್ಳಿಯವನದು ಬಾಡಿಗೆ ಮನೆ:
ಗೋಡೆಗೆ ಸುಣ್ಣ ಬಳಿದೇ ಕೊಡುತ್ತಾನೆ,
ಮೊಳೆ ಹೊಡೆಯಬೇಕೆಂದರೆ ಕೇಳಬೇಕು.
"ಎಲ್ಲಾ ನಮ್ದೇ ನೋಡ್ರಿ, ನೀವು ಫೋಟೊ ಹಾಕಿದ್ರ ಸಾಕು,"
ಅಂದಾಗ ಆ 'ನಮ್ದು' ಯಾರದ್ದು ಅಂತ ಕೇಳಬೇಕಿತ್ತು,
ಚಹಾ ಆರುತ್ತಿತ್ತು, ಕೇಳಲಿಲ್ಲ.

ಬೆಳಗಾವಿಯಾಕೆ ಒಂದೊಂದು ಸಾಲೂ ಕೈಯಾರೆ ಬರೆದು ಕಟ್ಟುವವಳು.
ಚಂದವಿತ್ತು, ಕುಣಿಮಗ್ಗದ ಚಂದ.
ಆದರೆ ಲಾಳಿ ಎಸೆಯುವುದು ಅವಳೊಬ್ಬಳಿಗೇ ಗೊತ್ತು.
ಅವಳಿಗೆ ಜ್ವರ ಬಂದ ದಿನ ನಮಗೂ ಬರುತ್ತದೆ.

ಮೂರನೆಯವ ದಾವಲ, ನಮ್ಮೂರವನೇ,
ಅಣಿ ಕಟ್ಟುತ್ತಿದ್ದ ಹುಸೇನಸಾಬರ ಮೊಮ್ಮಗ.
ಅವನು ತಂದದ್ದು ಊರ ಬಾವಿಯಂಥದು,
ಯಾರು ಬೇಕಾದರೂ ಸೇದಬಹುದು.
"ಪುಕ್ಕಟೆ ಐತ್ರಿ, ಖರೆ,
ಆದ್ರ ಕಸಾ ನೀವ ಹೊಡೀಬೇಕು.
ಬೀಗಾ ಹಾಕೂದು ಮರತ್ರ ಕಳ್ಳರಿಗೂ ಪುಕ್ಕಟೆ."

ನಾನು ಮೂರರ ಮುಂದೆಯೂ ಸಂಗವ್ವನನ್ನು ಕೂಡಿಸಿದೆ.
ಗಲ್ಲೆಯ ಬದಿಗೆ ಇಪ್ಪತ್ತು ವರ್ಷ ಖಣ ಮಡಚಿದ ಕೈ,
ಕೀಲಿಮಣೆಯ ಮೇಲೆ ಒಂದೇ ಬೆರಳು,
ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ.

ಮೊದಲನೆಯದರಲ್ಲಿ ನಮ್ಮೂರೇ ಮುರಿಯಿತು.
ಗುಡ್ಡದ ಒತ್ತು ಕಳಚಿ ಪಕ್ಕಕ್ಕೆ ಬಿದ್ದಿತ್ತು.
"ಊರಿನ ಹೆಸರ ನೆಟ್ಟಗ ಬರೂದಿಲ್ಲೇನ ಇದಕ್ಕ?" ಅಂತ
ಎದ್ದೇಬಿಟ್ಟಳು.
ಎರಡನೆಯದರಲ್ಲಿ ನೇಯ್ದವರ ಹೆಸರಿಗೊಂದು ಖಾನೆ ಕೇಳಿದೆವು,
"ಮುಂದಿನ ತಿಂಗಳು" ಅಂತ ಉತ್ತರ.
ಮೂರನೆಯದು ತೆರೆದಾಗ ಖಾನೆಗಳದೇ ಸಂತೆ,
ಸಂಗವ್ವ ನನ್ನ ಮುಖ ನೋಡಿದಳು.
ದಾವಲ ಒಂದೊಂದಾಗಿ ಮುಚ್ಚುತ್ತಾ ಹೋದ.
ಐದು ಉಳಿದವು:
ನಮೂನೆ, ಬಣ್ಣ, ಅಳತೆ, ದರ, ನೇಯ್ದವರು.

ಆಮೇಲೆ ಆದದ್ದು ಹೀಗೆ.
ಆಕೆ ಒಂದು ಖಣ ಎತ್ತಿ, ಅಂಚು ಹೊರಳಿಸಿ,
ಹೆಬ್ಬೆರಳಿಂದ ಉಜ್ಜಿ, ಬರೆದಳು: ತುಳಜವ್ವ.
ಇನ್ನೊಂದು ಎತ್ತಿದಳು: ಮಾನಪ್ಪ, ಕಮತಗಿ.
ಇದು ಅವನ ಹೆಂಡತಿಯದು, ಹೊಕ್ಕು ಬಿಗಿ.
ಇದು ಮೋತಿಲಾಲನದು, ಕಣ್ಣಿಗೆ ಪೊರೆ ಬಂದ ವರ್ಷದ್ದು.
ನನ್ನ ಕಿರ್ದಿಯಲ್ಲಿ ಇವರೆಲ್ಲ
ಮಗ್ಗ ನಂಬರ್ ಏಳು, ಮಗ್ಗ ನಂಬರ್ ಹನ್ನೊಂದು.
ಎಷ್ಟು ವರ್ಷದ ಕೂಡು ಕಳೆ,
ಒಂದು ಹೆಸರೂ ತಪ್ಪಿಲ್ಲ. ಹೆಸರೇ ಇರಲಿಲ್ಲ.

ಕೊನೆಗೆ ನಾನು ಕೇಳಬೇಕಾದ್ದನ್ನು ಕೇಳಿದೆ.
ನೇಕಾರ ಸಾವಕಾರನ ಬಿಟ್ಟು ಹೋಗುವಾಗ
ಹಾಸು ಯಾರದು ಅಂತ ಜಗಳವಾಗುವ ಊರು ಇದು.
"ನಾಳೆ ಇದನ್ನ ಬಿಡತೀವಿ ಅಂದ್ರ?"
ಹುಬ್ಬಳ್ಳಿಯವನಿಗೆ ಫೋನು ಹಚ್ಚಿದೆ, "ಯಾಕ ಬಿಡತೀರಿ ಮೇಡಮ್?" ಅಂದ.
ಬೆಳಗಾವಿಯಾಕೆ ಯೋಚಿಸಿ ಹೇಳುವೆನೆಂದಳು, ಪ್ರಾಮಾಣಿಕಳು.
ದಾವಲ ಬೆರಳಷ್ಟು ಪೆನ್‌ಡ್ರೈವ್ ಮೇಜಿನ ಮೇಲಿಟ್ಟ.
"ಇದರಾಗ ಸುತ್ತಿಕೊಂಡ ಹೋಗ್ರಿ."

ಈಗ ಅಮಾವಾಸ್ಯೆಗೊಮ್ಮೆ, ಮಗ್ಗಕ್ಕೆ ರಜೆಯ ದಿನ,
ಪ್ರತಿ ತೆಗೆಯುತ್ತೇನೆ, ಬೀಗ ನೋಡುತ್ತೇನೆ, ಕಸ ಹೊಡೆಯುತ್ತೇನೆ.
ಸಾವಕಾರರಿಗೆ ಇನ್ನೂ ಅನುಮಾನ:
ರೊಕ್ಕ ಕೊಡದೆ ಬಂದದ್ದು ಹೆಚ್ಚು ದಿನ ಬಾಳುತ್ತದೆಯೆ?
ಬಾಳದಿರಬಹುದು.

ನಿನ್ನೆ ಸಂಗವ್ವ ಬಣ್ಣದ ಖಾನೆಯಲ್ಲಿ ಬರೆಯುತ್ತಿದ್ದಳು:
"ಗಿಳಿ ಹಸರ, ಆದ್ರ ಬಿಸಲಾಗ ಹಿಡದ ನೋಡ್ರಿ, ಒಳಗ ನವಲ..."
ಅಲ್ಲಿಗೆ ನಿಂತಿತು, ಮುಂದೆ ಅಕ್ಷರ ಹಿಡಿಯಲಿಲ್ಲ.

ದಾವಲ, ಆ ಖಾನೆ
ಇನ್ನಷ್ಟು ಉದ್ದ ಮಾಡಪ್ಪ.