ನಾಲ್ಕು ಕಿಲೋಬೈಟಿನಲ್ಲಿ ಕಡಲು

ಚಿಲಿಯ ತೆಂಕಣ ದ್ವೀಪದಲ್ಲಿ, ಕಾಸ್ತ್ರೋ ತಂತಿ ಕಚೇರಿಯಲ್ಲಿ
ಪದಕ್ಕಿಷ್ಟು ಪೆಸೊ ಎಂದು ದರವಿದ್ದ ಕಾಲಕ್ಕೆ
ರೊಸಾಲ್ಬಾ ಬಾರ್ರಿಯಾ
ಬಡವರ ವಾಕ್ಯ ಕತ್ತರಿಸುತ್ತಿದ್ದಳು.
"ಬರುವ ಗುರುವಾರ ಸಂಜೆ ದೋಣಿಗೆ ಹೊರಟು ಬರುತ್ತಿದ್ದೇನೆ"
ಎಂದು ತಂದವನಿಗೆ
"ಗುರುವಾರ ಬರುವೆ" ಎಂದು ಬರೆದುಕೊಟ್ಟು
ಉಳಿದ ಚಿಲ್ಲರೆಗೆ ಬ್ರೆಡ್ಡು ತಗೋ ಅನ್ನುವಳು.
ಸಂಜೆಗಲ್ಲದೆ ಬೇರೆ ದೋಣಿಯೇ ಇರಲಿಲ್ಲ, ಹೇಳುವುದೇಕೆ?

ತಂತಿ ನಿಂತಿತು. ಅಲ್ಲೀಗ ಚಪ್ಪಲಿ ಅಂಗಡಿ.
ಇವಳ ಪಾಲಿಗೆ ಬಂದದ್ದು ಗೋಡೆಗಡಿಯಾರ,
ಹರಾಜಿನ ಹಳೇ ಕಂಪ್ಯೂಟರು,
ರಟ್ಟು ಹರಿದ ಕೈಪಿಡಿ.
ನಲವತ್ತೊಂದರಿಂದ ಐವತ್ತಾರು, ಪುಟಗಳೇ ಇಲ್ಲ.
ಆ ಹದಿನಾರು ಪುಟ ಅವಳೇ ಊಹಿಸಿಕೊಂಡಳು.
ಗುಣಾಕಾರ ಅಲ್ಲಿತ್ತಂತೆ. ಅವಳಿಗೇನು ಗೊತ್ತು?
ಕೂಡುತ್ತ ಕೂಡುತ್ತ, ಎಡಕ್ಕೆ ಸರಿಸುತ್ತ ಸರಿಸುತ್ತ
ತನ್ನದೇ ಒಂದು ಮಾಡಿಕೊಂಡಳು.
ಎಷ್ಟೋ ವರ್ಷಕ್ಕೆ ಇಡೀ ಪುಸ್ತಕ ಸಿಕ್ಕಾಗ ನೋಡಿದರೆ
ಅದೇ ಉಪಾಯ,
ಇವಳದಕ್ಕಿಂತ ಆರು ಬೈಟು ದಪ್ಪ!
ಅಂದು ಮನೆಮನೆಗೆ ಹೋಗಿ ಹೇಳಿದಳು.
ಯಾರಿಗೂ ಅರ್ಥವಾಗಲಿಲ್ಲ. ಸೇಬಿನ ಹೆಂಡ ಕೊಟ್ಟರು.

ನಾನು ಒನೋಫ್ರೆ, ಶಾಲೆ ದೋಣಿ ನಡೆಸುವವನು.
ನನಗೆ ಬೇಕಾದ್ದಿಷ್ಟೇ:
ಚೆಲಿನ್ ಕಟ್ಟೆಯಲ್ಲಿ ನೀರು ಏರುವುದೆಂದು, ಇಳಿಯುವುದೆಂದು.
ಕಂಪನಿಯವರು ಕೊಟ್ಟ ತಂತ್ರಾಂಶ ತೆರೆದರೆ
ಮೊದಲು ಲಾಂಛನ ತಿರುಗುತ್ತೆ,
ಡಾಲ್ಫಿನ್ ಒಂದು ಹಾರುತ್ತೆ,
ಹೊಸ ಆವೃತ್ತಿ ಬೇಕೇ ಅಂತ ಕೇಳುತ್ತೆ,
ಅಷ್ಟರಲ್ಲಿ ನೀರು ಜಾರಿ
ಹದಿನಾಲ್ಕು ಮಕ್ಕಳು ಕೆಸರಲ್ಲಿ ಕೂತ ದೋಣಿಯಲ್ಲಿ,
ಆರು ಗಂಟೆ.

ರೊಸಾಲ್ಬಾಳದ್ದು
ಒತ್ತಿದ ಬೆರಳು ಎತ್ತುವುದರೊಳಗೆ ಉತ್ತರ.
ಚಂದ್ರ, ಸೂರ್ಯ, ಕಟ್ಟೆಕಟ್ಟೆಯ ಆಳ
ಎಲ್ಲ ನಾಲ್ಕು ಕಿಲೋಬೈಟಿನೊಳಗೆ.
ಈಗ ಜಾಗಕ್ಕೇನು ಬರ, ಅಂದೆ ಒಮ್ಮೆ.
"ಜಾಗ ಇದೆ ಅಂತ
ಮಲಗೋ ಕೋಣೇಲಿ ದನ ಕಟ್ಟುತ್ತೀಯಾ?"

ಮನೆ ಎಳೆಯುವುದು ನೋಡಿದ್ದೀರಾ? ನಮ್ಮಲ್ಲಿ
ನೆಲ ಒಗ್ಗದಿದ್ದರೆ ಮನೆಯನ್ನೇ ದಿಮ್ಮಿಯ ಮೇಲೇರಿಸಿ
ಎತ್ತು ಹೂಡಿ, ಊರೆಲ್ಲ ಕೈಹಚ್ಚಿ ದಡಕ್ಕೆ ತಂದು
ಉಬ್ಬರದಲ್ಲಿ ತೇಲಿಸಿ ಒಯ್ಯುತ್ತೇವೆ ಆಚೆ ದ್ವೀಪಕ್ಕೆ.
ಅದಕ್ಕೆ ಮುಂಚೆ ಒಳಗಿನದೆಲ್ಲ ಹೊರಗೆ.
ಅವಳಿಗಾಗ ಏಳು ವರ್ಷ:
ಮಂಚ ಬಂತು, ಕನ್ನಡಿ ಬಂತು, ಅಜ್ಜಿಯ ಪೆಟ್ಟಿಗೆ,
ಕೊನೆಗೆ ಗೋಡೆಯ ಮೊಳೆಗಳನ್ನೂ ಅಪ್ಪ ಕಿತ್ತ.
"ಮೊಳೆ ಎಷ್ಟು ಭಾರ, ಅಪ್ಪಾ?"
"ಎತ್ತನ್ನು ಕೇಳು."

ಹೋದ ಚಳಿಗಾಲ ಹೊಸ ಕಟ್ಟೆಯೊಂದು ಸೇರಬೇಕಿತ್ತು.
ಹನ್ನೊಂದು ಬೈಟು ಸಾಲದು.
ಮೂರು ರಾತ್ರಿ ಕೂತಳು. ಪಕ್ಕದಲ್ಲಿ ಮಾತೆ ಹೀರುತ್ತ
ನಾನೂ ಸಾಲು ಸಾಲು ಓದಿದೆ, ಕಲಿಸಿದ್ದಳಲ್ಲ.
ಸಿಕ್ಕಿತು ಒಂದು ಸಾಲು:
ಏನನ್ನೂ ಲೆಕ್ಕ ಹಾಕದ್ದು,
ಉತ್ತರದ ಕೊನೆಗೊಂದು ಪದ ಬರೆದು ಸುಮ್ಮನಾಗುವುದು.
ಇದನ್ನು ತೆಗೆದರೆ ಮುಗಿಯಿತಲ್ಲ, ಅಂದೆ.
ಕನ್ನಡಕ ತೆಗೆದು ಒರೆಸಿದಳು. ಮತ್ತೆ ಒರೆಸಿದಳು.

ಒದ್ದೆ ಟೋಪಿ ಹಿಂಡುತ್ತ ಬಂದಿದ್ದನಂತೆ ಒಬ್ಬ.
ಬಡಗಣ ಗಣಿಯಲ್ಲಿದ್ದ ತಮ್ಮನಿಗೆ ಇವಳೇ ಬರೆದಳು:
"ಅಮ್ಮ ತೀರಿದಳು ಬಾ."
ಮೂರೇ ಪದ. ಬೀಗಿದಳೂ ಅಂತೆ.
ಅವನು ಜೇಬು ತಡಕಿ
ಇನ್ನೊಂದು ಪದಕ್ಕೆ ಎಷ್ಟಾಗುತ್ತೆ, ಕೇಳಿದ.
ಯಾವ ಪದ? ಹೇಳಿದ.
"ಬೇಡ, ದುಡ್ಡು ದಂಡ," ಅಂದಳು
ಇಪ್ಪತ್ತೆರಡರ ಜಾಣೆ.
ಅವನು ಸರಿ ಅಂತ ಹೋದ.
ತಮ್ಮ ಹೇಗೆ ಬಂದನೋ, ಬಂದನೋ ಇಲ್ಲವೋ,
ಕೇಳಲಿಲ್ಲ.

ನಾಲ್ಕನೇ ರಾತ್ರಿ, ಅಧಿಕ ವರ್ಷದ ಲೆಕ್ಕದೊಳಗೆ
ಒಂದೇ ಪ್ರಶ್ನೆ ಎರಡು ಸಲ ಕೇಳುತ್ತಿದ್ದುದು ಕಂಡು
ಹನ್ನೊಂದೂ ಸಿಕ್ಕವು, ಮೇಲೊಂದು ಮಿಕ್ಕಿತು.
ಅದನ್ನು ಹಾಗೇ ಬಿಟ್ಟಳು, ಖಾಲಿ.

ಬೆಳಿಗ್ಗೆ ಕಟ್ಟೆ ಕಾಣದಷ್ಟು ಮಂಜು.
ಮಕ್ಕಳು ಹತ್ತಿದರು. ಗುಂಡಿ ಒತ್ತಿದೆ.
ಚೆಲಿನ್. ಏಳು ನಲವತ್ತು. ನೀರು ಮೂರು ಮೀಟರು.
ಮೆಲ್ಲಗೆ.

ಇಂಜಿನ್ನು ತಗ್ಗಿಸಿದೆ.