ಆರನೆಯದು

ಕಾರಾ-ಕೆಚೆಯ ಗಣಿಯಿಂದ ಕಲ್ಲಿದ್ದಲು ಹೇರಿಕೊಂಡು
ಲಾರಿ ಏರು ಹತ್ತಿ ಬರುತ್ತಿದ್ದರೆ
ಅಂಗಳದ ನಾಯಿಗಿಂತ ಮೊದಲು
ಅಸನ್‌ಕಾನನ ಎಡಗಿವಿ ನಿಮಿರುತ್ತಿತ್ತು.
ಬಲಗಿವಿ ಸೈನ್ಯದಲ್ಲೇ ಹೋಗಿತ್ತು, ಫಿರಂಗಿಯ ಪಕ್ಕ.
'ಏಳು ಮಂದಿ ದುಡಿಯುತ್ತಿದ್ದಾರೆ,' ಅಂದ ಅವತ್ತು,
'ಒಬ್ಬ ಸುಮ್ಮನೆ ಕೂತು ಉಣ್ಣುತ್ತಿದ್ದಾನೆ.'

ನನಗೆ ಹದಿನಾಲ್ಕು. ದೀಪ ಹಿಡಿಯುವುದು ನನ್ನ ಕೆಲಸ.

ಹಳೆಯ ಜಿಲ್ ಲಾರಿ. ನೀಲಿ ಮೂತಿ, ಬಿಳಿ ಜಾಲರಿ,
ಬಾಗಿಲಿಗೆ ಹಿಡಿಕೆಯ ಬದಲು ಕುದುರೆಯ ಕಡಿವಾಣದ ತುಂಡು.
ಕಲಿಪಾ ಇಳಿದವಳೇ ಬಾನೆಟ್ ಎತ್ತಿ ನಿಲ್ಲಿಸಿ
'ಮೊನ್ನೆ ತಾನೆ ಎಂಟಕ್ಕೂ ಹೊಸ ಪ್ಲಗ್ ಹಾಕಿಸಿದೆ,
ಒಂದು ಕುರಿಮರಿಯ ದುಡ್ಡು,' ಅಂದಳು,
ಲಾರಿಗೆ ಕೇಳಲಿ ಅನ್ನುವ ಹಾಗೆ.

ಅಸನ್‌ಕಾನ್ ಉತ್ತರಿಸಲಿಲ್ಲ. ಹೊಗೆಕೊಳವೆಯ ಬಾಯಿಗೆ
ಇಪ್ಪತ್ತು ಸೋಮಿನ ನೋಟೊಂದನ್ನು ಹಿಡಿದ.
ಪಟ ಪಟ ಪಟ ಹೊರಕ್ಕೆ ಬಡಿಯುತ್ತಿದ್ದದ್ದು
ನಡುವೆ ಒಮ್ಮೆ ಒಳಕ್ಕೆ ಹೀರಿತು.
'ಕಂಡೆಯಾ? ಉಸಿರು ತಪ್ಪಿತು.'

ಶಾಲೆಯಲ್ಲಿ ಕಲಿತ ಎಣಿಕೆ ಇಲ್ಲಿ ನಡೆಯುವುದಿಲ್ಲ.
ಎರಕ ಹೊಯ್ಯುವಾಗಲೇ ಬರೆದಿದ್ದಾರೆ ಇದರ ಮಗ್ಗಿ:
ಒಂದು ಐದು ನಾಲ್ಕು ಎರಡು
ಆರು ಮೂರು ಏಳು ಎಂಟು.
ಗುನುಗುತ್ತ, ರಬ್ಬರ್ ಕೈಗವಸು ತೊಟ್ಟು
ಓಡುತ್ತಿರುವ ಎಂಜಿನ್ನಿನ ತಂತಿಗಳ ಟೊಪ್ಪಿ ಒಂದೊಂದೇ ಕಿತ್ತ.
ಒಂದನ್ನು ಕಿತ್ತರೆ ಮುಗ್ಗರಿಸಿತು. ತೊಡಿಸಿದ.
ಐದನ್ನು ಕಿತ್ತರೆ ನರಳಿತು. ತೊಡಿಸಿದ.
ನಾಲ್ಕು, ಎರಡು: ಲಾರಿಯ ಮೈಯೆಲ್ಲ ನಡುಗಿ
ನನ್ನ ಕೈಯ ದೀಪವೂ ನಡುಗಿತು.
ಆರನ್ನು ಕಿತ್ತ.
ಏನೂ ಆಗಲಿಲ್ಲ.

'ಇದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ.
ಇವನೇ ಕಾಯಿಲೆಯವನು.'
ಕಲಿಪಾ ಯಾಕೋ ಮುಖ ತಿರುಗಿಸಿ
ಗಾಜಿನ ಮೇಲಿನ ಧೂಳು ಒರೆಸತೊಡಗಿದಳು.
ಅವಳ ಮನೆಯ ವಿಷಯ ನನಗೆ ತಿಳಿದದ್ದು ಆಮೇಲೆ;
ಇಲ್ಲಿ ಬೇಡ.

ಪ್ಲಗ್ಗುಗಳನ್ನು ಬಿಚ್ಚಿ ಚಿಂದಿಯ ಮೇಲೆ ಸಾಲಾಗಿ ಮಲಗಿಸಿದ.
ಏಳರ ಮೂತಿಗೆ ಒಣ ಮಸಿ, ಹೆಂಚಿನ ತಳದ್ದು,
ಬೆರಳು ತಾಗಿದರೆ ಉದುರುವಂಥದ್ದು.
'ಇದು ಬೆಟ್ಟದ ತಪ್ಪು. ಮೇಲೆ ಗಾಳಿ ತೆಳು,
ಕಾರ್ಬುರೇಟರ್ ಮಾತ್ರ ಬಯಲಿನ ಲೆಕ್ಕದಲ್ಲೇ ಸುರಿಯುತ್ತದೆ.'
ಆರನೆಯದಕ್ಕೆ ಹಸಿ ಕಪ್ಪು, ಕಾಡಿಗೆಯ ಜಿಡ್ಡು,
ಒರೆಸಿದಷ್ಟೂ ಹರಡುವಂಥದ್ದು.
'ಇದು ಒಳಗಿನದು. ಪಿಸ್ಟನ್ನಿನ ಉಂಗುರ ಸವೆದು
ಎಣ್ಣೆ ಮೇಲೇರುತ್ತಿದೆ. ಹೊಸ ಪ್ಲಗ್ ಎಷ್ಟು ತಂದರೂ
ಮುಳುಗುವವನ ಕೈಗೆ ಬೆಂಕಿಪೊಟ್ಟಣ ಕೊಟ್ಟಂತೆ.'

'ಉಂಗುರ ಬದಲಿಸಲು?'
'ಎಂಟು ದಿನ. ಎಂಜಿನ್ ಇಳಿಸಬೇಕು.'
ಆಚೆ ಊರಲ್ಲಿ ಮೂವತ್ತು ಒಲೆ
ಈ ಹೇರಿಗೆ ಕಾಯುತ್ತಿದ್ದವು.
ಕಣಿವೆದಾರಿಯ ನೆತ್ತಿ ಆಗಲೇ ಬೆಳ್ಳಗಾಗಿತ್ತು.

ಆಗ ಅವನು ಸತ್ತ ಪ್ಲಗ್ಗೊಂದರ ಪಿಂಗಾಣಿ ಒಡೆದು ತೆಗೆದು,
ಬರೀ ಉಕ್ಕಿನ ಕವಚ ಉಳಿಸಿ,
ಅದರ ಕೊರಳೊಳಗೆ ತಿರುಪು ಕೊರೆದ.
ಸಂಜೆಯೆಲ್ಲ ಅದೇ ಕೆಲಸ; ನನ್ನ ತೋಳು ಜೋತುಬಿತ್ತು.
ಕವಚವನ್ನು ಆರನೆಯ ತೂತಿಗೆ ಕೂರಿಸಿ
ಹೊಸ ಪ್ಲಗ್ಗನ್ನು ಅದರ ಮೇಲೆ ಬಿಗಿದ:
ಎಣ್ಣೆಯ ಕೈಗೆಟುಕದ ಒಂದು ಅಟ್ಟ.

'ಗುಣವಾಯಿತಾ?' ಅವಳು ಕೇಳಿದಳು.
'ಇಲ್ಲ. ಸುಳ್ಳು ಹೇಳಿದ್ದೇನೆ ಅಷ್ಟೆ.
ಹಿಮ ಕರಗುವವರೆಗೆ ನಂಬುತ್ತದೆ.'

ಕೀಲಿ ತಿರುಗಿತು. ಕೆಮ್ಮಿ, ಕೆಮ್ಮಿ, ಹಿಡಿಯಿತು.
ಎರಡಾದ ಮೇಲೆ ಮೂರಕ್ಕೆ ಮೊದಲು
ಹಾಜರಿ ಕೂಗಿದಾಗ ಕೊನೆಯ ಬೆಂಚಿನಿಂದ
ಯಾರೋ ತಡವಾಗಿ 'ಇದ್ದೇನೆ' ಅಂದ ಹಾಗೆ.

ಎರಡು ಹೆಚ್ಚುವರಿ ಪ್ಲಗ್ಗುಗಳನ್ನು ಬಟ್ಟೆಯಲ್ಲಿ ಸುತ್ತಿ
ಅವಳು ಕೋಟಿನ ಒಳಜೇಬಿಗೆ ಇಳಿಸಿದಳು,
ದಾರಿಯುದ್ದಕ್ಕೂ ಮೈಬಿಸಿ ತಾಗಲಿ ಅಂತ.
ಕೂಲಿಗೆ ಅರ್ಧ ಮೂಟೆ ಕಲ್ಲಿದ್ದಲು ಇಳಿಸಿ ಹೋದಳು.

ಮೂರನೆಯ ತಿರುವಿನ ತನಕ
ಅಸನ್‌ಕಾನ್ ಎಡಗಿವಿಯನ್ನು ಅತ್ತಲೇ ಇಟ್ಟಿದ್ದ,
ತುಟಿಯಲ್ಲಿ ಆ ತಪ್ಪುತಪ್ಪು ಮಗ್ಗಿ.
ಆಮೇಲೆ ಚಹಾ ಕೇಳಿದ.