ಯಾವುದರಲ್ಲಿ ಕತ್ತಲೆ ಜಾಸ್ತಿ?

ಟೊಲೀಡೊ ಊರು, ಮಂಗಳವಾರ, ಅರ್ಧ ದರದ ದಿನ.
ಅರ್ಧ ಅಂದರೆ ಎಲ್ಲದಕ್ಕೂ ಅರ್ಧವಲ್ಲ.
ಅದನ್ನೇ ಬೆಳಗಿನಿಂದ ಹೇಳಿ ಹೇಳಿ
ನನ್ನ ನಾಲಿಗೆ ಪಾಪ್‌ಕಾರ್ನಿನ ಸಿಪ್ಪೆಯಾಗಿದೆ.
ಎದೆಯ ಬಿಲ್ಲೆಯಲ್ಲಿ ಮಾರ್ಲಾ ಎಂದಿದೆ. ಅದು ನಾನಲ್ಲ,
ಹೋದ ತಿಂಗಳು ಕೆಲಸ ಬಿಟ್ಟವಳು.
ನನ್ನ ಬಿಲ್ಲೆ ಇನ್ನೂ ಬಂದಿಲ್ಲ.

ಇರುವುದು ಒಂದೇ ಸಿನಿಮಾ:
ದಾರಿ ತಪ್ಪಿ ನದಿಗೆ ಬಂದ ತಿಮಿಂಗಿಲದ ಕಥೆ.
ಹಲಗೆಯ ಮೇಲೆ ಮಾತ್ರ ಅದಕ್ಕೆ ಆರು ವೇಷ.
ದೈತ್ಯ ತೆರೆ, ಲೇಸರ್ ತೆರೆ,
ದೈತ್ಯವೂ ಆಗಿ ಲೇಸರೂ ಆದದ್ದು,
ಮೂರು ಗೋಡೆಗೂ ಚೆಲ್ಲಿ ಹರಿದದ್ದು, ಕನ್ನಡಕದ್ದು,
ಕುರ್ಚಿ ಕುಣಿಸಿ ಮುಖಕ್ಕೆ ನೀರೆರಚುವುದು.
ಹೆಸರಿನ ಬಾಲಕ್ಕೊಂದು ಎಕ್ಸ್ ಇರಲೇಬೇಕು.
ಲೆಕ್ಕದ ಮಾಸ್ತರರು ಬಿಡಿಸದೆ ಬಿಟ್ಟ ಎಕ್ಸುಗಳೆಲ್ಲ
ಇಲ್ಲಿ ಬಂದು ಕೆಲಸಕ್ಕೆ ಸೇರಿವೆ.
ಹಲಗೆಯ ಬುಡದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ,
ಏಳನೆಯ ಹಾಲ್: ಏನೂ ಇಲ್ಲದ್ದು.

'ಇದು ನಿಜವಾದ ದೈತ್ಯವೋ, ಹೆಸರಿಗೆ ದೈತ್ಯವೋ?'
ಕೇಳಿದ ಕೆಂಪು ಟೋಪಿಯವ.
ನಾನು ಅಳೆದಿಲ್ಲ ಮಹರಾಯ.
ಹುಡುಗಿಯೊಬ್ಬಳು ಫೋನಿನಲ್ಲಿ ಅಕ್ಕನಿಗೆ:
'ಪ್ರೀಮಿಯಂ ಕಣೇ. ಅಲ್ಲ, ಆ ಪ್ರೀಮಿಯಂ ಅಲ್ಲ.'
ಸಾಲು ಬಾಗಿಲು ದಾಟಿ ಹಿಮಕ್ಕಿಳಿಯಿತು.

ಆಗ ಬಂದರು ಇವರು. ಕಾರ್ಡಿನ ಪ್ರಕಾರ ಎಮಿಲ್ ಬೊಡ್ನಾರ್.
ಕೈಹಿಡಿದು ಜಗ್ಗುತ್ತಿದ್ದ ಮೊಮ್ಮಗಳು ಟೆಸ್,
ಮುಂದಿನ ಹಲ್ಲೆರಡು ಬಿದ್ದವಳು.
'ಯಾವುದು ಒಳ್ಳೆಯದಮ್ಮ?'
ನಾನು ಕನ್ನಡಕದಿಂದ ಶುರುಮಾಡಿದೆ.
ಮುದುಕ ಎಡಗಣ್ಣಿನ ಮೇಲೆ ಉಗುರಿಟ್ಟು ಹೊಡೆದ:
ಟಕ್.
'ಇದೂ ಗಾಜು. ಕಾರ್ಖಾನೆ ಒಂದು ತಗೊಂಡಿತು,
ಒಂದು ಕೊಟ್ಟಿತು. ಲೆಕ್ಕ ಚುಕ್ತಾ.'

'ಹಾಗಾದರೆ ಲೇಸರ್ ನೋಡಿ. ಅದರ ಕತ್ತಲೆ
ಬಾವಿಯ ಹಾಗೆ. ಬೇರೆ ಕಡೆಯದು ಬರೀ ಬೂದಿ.'
'ಆ ಕತ್ತಲೆಗೆ ಎಷ್ಟು ಜಾಸ್ತಿ?'
'ಒಂಬತ್ತು ಡಾಲರ್.'
'ನನಗೆ ಈ ಪಕ್ಕದಲ್ಲಿ ಪುಕ್ಕಟೆ ಬರ್ತಾ ಇದೆ,
ಎಪ್ಪತ್ತೆಂಟನೇ ಇಸವಿಯಿಂದ.'
ಹಿಂದೆ ಯಾರೋ ನಕ್ಕು, ನಗುವನ್ನು ಕೆಮ್ಮಿಗೆ ತಿರುಗಿಸಿಕೊಂಡರು.

ಟೆಸ್‌ಗೆ ಕುಣಿಯುವ ಕುರ್ಚಿಯೇ ಬೇಕು.
ಬೆನ್ನುನೋವಿದ್ದವರು ಅದರಲ್ಲಿ ಕೂರಬಾರದೆಂದು
ಗೋಡೆಯ ಮೇಲೆ ಬರೆದಿದೆ.
ಕೊನೆಗೆ ಅವಳಿಗೊಂದು ಅದು, ಅಜ್ಜನಿಗೊಂದು ಏಳು.
ಒಂದೇ ತಿಮಿಂಗಿಲಕ್ಕೆ ಎರಡು ಚೀಟಿ ಹರಿದುಕೊಟ್ಟೆ.

ಒಂದೂವರೆ ತಾಸಿನ ಮೇಲೆ ಬ್ಯಾಟರಿ ಹಿಡಿದು ಏಳಕ್ಕೆ ಹೋದೆ.
ತೆರೆಯ ಮೂಲೆಯಲ್ಲಿ ಅದೇ ಹಳೆಯ ಸೋಡಾ ಕಲೆ,
ನದಿ ಅದರ ಮೇಲೇ ಹರಿಯುತ್ತಿತ್ತು.
ಹಾಲಿಗೆಲ್ಲ ಒಬ್ಬನೇ ಪ್ರೇಕ್ಷಕ, ಅವನಿಗೂ ನಿದ್ದೆ.
ಒಂದು ಕಣ್ಣು ಕಣ್ಣಲ್ಲವೆಂದು ಯಾರು ಅಂದರೋ:
ಬಲಗಣ್ಣು ಮುಚ್ಚಿತ್ತು, ಗಾಜಿನದು ಅರೆ ತೆರೆದಿತ್ತು,
ಅದರೊಳಗೆ ತಿಮಿಂಗಿಲ,
ಅಕ್ಕಿಕಾಳಿನಷ್ಟು,
ಬಾಲ ಬಡಿಯುತ್ತ ಅತ್ತಿಂದಿತ್ತ ಹೋಗುತ್ತಿತ್ತು.
ಇಷ್ಟು ಸಣ್ಣ ತೆರೆಗೆ ನಮ್ಮಲ್ಲಿ ಹೆಸರಿಲ್ಲ, ದರವೂ ಇಲ್ಲ.
ಬ್ಯಾಟರಿ ಆರಿಸಿ ಕೊಂಚ ಹೊತ್ತು ನಿಂತೆ.
ಕಸ ಹಾಗೇ ಉಳಿಯಿತು. ಆಮೇಲೆ ಬೈಸಿಕೊಂಡೆ.

ಸಿನಿಮಾ ಬಿಟ್ಟಿತು. ಟಿಕೆಟ್ಟಿನ ಗಾಜಿನಾಚೆ
ಕಾರು ನಿಲ್ಲಿಸುವ ಬಯಲು, ದೀಪದ ಕಂಬ, ಹಿಮ.
'ನಂಗೆ ನಿದ್ದೆ ಬಂದುಬಿಡ್ತು. ಕಡೆಗೆ ಏನಾಯ್ತು?'
ಎಂದು ಕೇಳಿರಬೇಕು, ಮಾತು ನನಗೆ ಕೇಳಿಸಲಿಲ್ಲ.
ಟೆಸ್ ತೋಳೆರಡೂ ಚಾಚಿ ತಾನೇ ಅಗಲವಾದಳು,
ಅಜ್ಜನ ಕೋಟು ಹಿಡಿದು ಗಡಗಡ ಅಲುಗಿಸಿದಳು,
ಹಲ್ಲಿಲ್ಲದ ಸಂದಿನಿಂದ ಉಫ್ ಎಂದು ಮುಖಕ್ಕೆ ಊದಿದಳು.
ಒದ್ದೆ ಮಾಡುವ ಕೆಲಸ ಹಿಮ ನೋಡಿಕೊಂಡಿತು.
ಮುದುಕ ಸುಮ್ಮನೆ ಎದುರಿಗೆ ನೋಡುತ್ತಲೇ ಇದ್ದ.
ಅವಳು ತಟಕ್ಕನೆ ನಿಂತಳು,
ಹಣೆ ಬಡಿದುಕೊಂಡಳು,
ಓಡಿ ಸುತ್ತಿ ಬಂದು ಅವನ ಬಲಕ್ಕೆ ನಿಂತು
ಮೊದಲಿನಿಂದ ಶುರುಮಾಡಿದಳು.

'ಹಲೋ, ಮಾರ್ಲಾ,' ಎಂದರು ಮುಂದಿನವರು,
'ಇವುಗಳಲ್ಲಿ ವ್ಯತ್ಯಾಸ ಏನು?'